ಒಂದೇ ರೆಂಬೆಯಲ್ಲಿ ಹಣ್ಣು ಮತ್ತು ಹೂ

ಆತ್ಮೀಯರೆ,

ನಮಸ್ಕಾರ. ಹವಾಮಾನ ಬದಲಾವಣೆಯನ್ನು ಪುಟ್ಟ ಮಕ್ಕಳಿಗೆ ತಿಳಿಸಲೆಂದು ನೀವು ಬರೆದ ಚಿತ್ರಪುಸ್ತಕದ ಹಸ್ತಪ್ರತಿಯನ್ನು ಎರಡು ಬಾರಿ ಓದಿದೆ. ಮೂರನೆಯ ಸಲ ಪಕ್ಕದ ಮನೆಯ ಎರಡನೆಯ ತರಗತಿಯ ಹುಡುಗನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಹಿಮಕರಡಿ ಮುಳುಗುವ ಪುಟದಲ್ಲಿ ಅವನು ಮರುಗಿದ, ಹೊಗೆರಾಕ್ಷಸ ಬಂದಾಗ ನಕ್ಕ, ನಿಮ್ಮ ಕಥೆಯ ಪುಟ್ಟಿ ಕೊನೆಯ ಪುಟದಲ್ಲಿ ಒಂದು ಸಸಿ ನೆಟ್ಟು ಭೂಮಿಯನ್ನೇ ಉಳಿಸಿದಾಗ ಮಾತ್ರ 'ಇಷ್ಟೇನಾ?' ಎಂದು ಎದ್ದುಹೋದ. ನನ್ನ ವಿಮರ್ಶೆಯನ್ನು ಅವನೇ ಮುಗಿಸಿಕೊಟ್ಟದ್ದರಿಂದ, ಮುಂದೇನು ಮಾಡಬಹುದೆಂಬುದನ್ನಷ್ಟೇ ಇಲ್ಲಿ ಬರೆಯುತ್ತೇನೆ.

ನಮ್ಮ ಮಾತಿನಲ್ಲಿಯೇ ಒಂದು ತೊಡಕಿದೆ. ನಾಳೆ ಮಳೆ ಬರುತ್ತದೆಯೇ ಎಂದು ಹೇಳುವುದು ಹವಾಮಾನ ಇಲಾಖೆ. ದಶಕಗಟ್ಟಲೆ ನಡೆಯುವ ಪಲ್ಲಟಕ್ಕೂ ಪತ್ರಿಕೆಗಳು ಬಳಸುವುದು ಅದೇ ಹವಾಮಾನವೆಂಬ ಪದವನ್ನು. ವಾಯುಗುಣವೆಂಬ ಬೇರೆ ಪದ ಪಠ್ಯಪುಸ್ತಕದಲ್ಲಿದ್ದರೂ ಆರು ವರ್ಷದ ಮಗುವಿಗೆ ಅದರಿಂದ ಹೆಚ್ಚಿನ ಉಪಕಾರವಿಲ್ಲ. ಇವತ್ತಿನ ಸೆಕೆಯನ್ನು ಒಂದು ಚಿತ್ರದಲ್ಲಿ ತೋರಿಸಬಹುದು, ಮೂವತ್ತು ವರ್ಷಗಳ ಸರಾಸರಿಯನ್ನು ತೋರಿಸಲಾಗದು. ಆದರೆ ಪುಸ್ತಕಕ್ಕೆ ಪುಟ ಮಗುಚುವ ಅನುಕೂಲವಿದೆ. ಒಂದೇ ಜಾಗವನ್ನು ಒಂದೇ ಕಡೆಯಿಂದ ನಿಂತು ನೋಡಿದಂತೆ ಮತ್ತೆ ಮತ್ತೆ ಬರೆಸಿದರೆ, ಏನು ಬದಲಾಯಿತೆಂದು ಹುಡುಕುವ ಕೆಲಸವನ್ನು ಮಗು ಯಾರೂ ಹೇಳದೆಯೇ ವಹಿಸಿಕೊಳ್ಳುತ್ತದೆ.

ಆ ಜಾಗಕ್ಕಾಗಿ ನೀವು ಆರ್ಕ್ಟಿಕ್‌ವರೆಗೆ ಹೋಗಬೇಕಿರಲಿಲ್ಲ. ನಿಮ್ಮದು ಚಿಕ್ಕಮಗಳೂರು ಸೀಮೆಯ ಕಾಫಿ ತೋಟದ ಮನೆಯೆಂದೂ, ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕ ಇನ್ನೂ ಕಪಾಟಿನಲ್ಲಿದೆಯೆಂದೂ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಮ್ಮ ಪುಸ್ತಕ ಇರುವುದು ಆ ಸಾಲಿನಲ್ಲಿಯೇ. ಬೆಳಿಗ್ಗೆ ಎದ್ದು ಮಳೆಮಾಪಕವನ್ನು ನೋಡಿ ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೆಯ ಒಂದು ಪಾಲು) ಬರೆದಿಡುವ ಅಜ್ಜ. ಕಾಫಿ ಗಿಡವನ್ನು ಹೂವಿಗೆ ತರುವ ಬೇಸಿಗೆಯ ಮೊದಲ ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಬೆಳ್ಳಗಾಗಿ, ಮಲ್ಲಿಗೆಯಂತೆ ಘಮಘಮಿಸುವ ತೋಟ. ಕಣದಲ್ಲಿ ಹರವಿದ ಕಾಫಿ. ಇದಿಷ್ಟು ಮೊದಲರ್ಧಕ್ಕೆ ಸಾಕು. ಆಮೇಲೆ, ರೊಬಸ್ಟಾ ತಳಿಯ ಕಾಫಿಯ ಕೊಯ್ಲು ಇನ್ನೂ ಮುಗಿಯದ ಜನವರಿಯಲ್ಲಿ ಮಳೆ ಸುರಿದು, ಕೆಂಪು ಹಣ್ಣಿರುವ ರೆಂಬೆಯಲ್ಲಿಯೇ ಬಿಳಿ ಹೂವೂ ಅರಳಿದ ಒಂದು ಚಿತ್ರವನ್ನು ಎರಡು ಪುಟಗಳಿಗೆ ಹರಡಿ ಬರೆಸಿ. ಹಣ್ಣು ಕೊಯ್ದರೆ ಹೂ ಉದುರುತ್ತದೆ, ಕೊಯ್ಯದಿದ್ದರೆ ಹಣ್ಣು ಕೊಳೆತು ನೆಲ ಸೇರುತ್ತದೆ. ಅಲ್ಲಿ ಒಂದಕ್ಷರವನ್ನೂ ಬರೆಯಬೇಡಿ. ಅಮ್ಮನ ಕೈ ರೆಂಬೆಯ ಹತ್ತಿರ ಹೋಗಿ ನಿಂತಿದ್ದರೆ ಸಾಕು.

ಒಂದು ಜನವರಿಯ ಮಳೆ ಹವಾಮಾನ ಬದಲಾವಣೆಗೆ ಸಾಕ್ಷಿಯಲ್ಲ, ನಿಜ. ಅದಕ್ಕಾಗಿಯೇ ಅಜ್ಜನ ಪುಸ್ತಕ ಬೇಕು. ಮೊಮ್ಮಗಳು ಅದರ ಹಾಳೆಗಳಲ್ಲಿ ಜನವರಿಯ ಸಾಲುಗಳನ್ನಷ್ಟೇ ಬೆರಳಿಟ್ಟು ಹುಡುಕಲಿ. ಅಲ್ಲಿ ಏನಿದೆಯೋ ಅದನ್ನೇ ಬರೆಯಿರಿ. ಕಥೆಗೆ ಒಪ್ಪುವಂತೆ ಅಂಕಿಗಳನ್ನು ತಿದ್ದಬೇಡಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮೊದಲ ಮಕ್ಕಳ ಪುಸ್ತಕದಲ್ಲಿ ಓಝೋನ್ ಪದರಕ್ಕೆ ತೂತು ಬಿದ್ದುದರಿಂದಲೇ ಭೂಮಿ ಬಿಸಿಯಾಗುತ್ತಿದೆ ಎಂದು ಬರೆದಿದ್ದೆ. ಒಂದು ಶಾಲೆಯಲ್ಲಿ ಅದನ್ನು ಓದುವಾಗ ಮೂರನೆಯ ತರಗತಿಯ ಹುಡುಗಿಯೊಬ್ಬಳು, 'ಹಾಗಾದರೆ ತೇಪೆ ಹಾಕಿದರೆ ಆಯ್ತಲ್ಲ ಸಾರ್?' ಎಂದಳು. ಓಝೋನ್ ಮಟ್ಟಿಗೆ ಅವಳ ಮಾತು ಸರಿಯೇ: 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ಕೆಡಿಸುವ ರಾಸಾಯನಿಕಗಳ ಬಳಕೆ ಇಳಿದು, ಪದರ ನಿಧಾನವಾಗಿ ಚೇತರಿಸಿಕೊಳ್ಳುತ್ತಿದೆ. ತಪ್ಪಿದ್ದು ನಾನು, ಎರಡು ಬೇರೆ ಸಂಗತಿಗಳನ್ನು ಕಲಸಿದ್ದೆ. ನಿಮ್ಮ ಹಸ್ತಪ್ರತಿಯಲ್ಲಿಯೂ ಬತ್ತಿದ ಬಾವಿಯ ಹೊಣೆಯನ್ನು ಪೂರ್ತಿಯಾಗಿ ಬಿಸಿಲಿಗೆ ಹೊರಿಸಿದ್ದೀರಿ. ಸುತ್ತ ಕೊರೆದ ಕೊಳವೆಬಾವಿಗಳು ಚಿತ್ರದಲ್ಲಿ ಎಲ್ಲಿಯೂ ಇಲ್ಲ.

ಕಾರಣವನ್ನು ಹೇಳಲೇಬೇಕಾದ ಪುಟದಲ್ಲಿ ಹೊಗೆರಾಕ್ಷಸನ ಬದಲು ಕಂಬಳಿಯನ್ನು ತನ್ನಿ. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಇದು ಮಲೆನಾಡಿನ ಮಗುವಿಗೆ ಚೆನ್ನಾಗಿ ಗೊತ್ತು. ಭೂಮಿಗೂ ಇಂಥ ಗಾಳಿಯ ಕಂಬಳಿಯೊಂದು ಇಲ್ಲದಿದ್ದರೆ ಅದರ ಸರಾಸರಿ ಉಷ್ಣತೆ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತಿತ್ತು. ಆದುದರಿಂದ ಕಂಬಳಿ ಖಳನಲ್ಲ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿ ಅದನ್ನು ದಪ್ಪ ಮಾಡುತ್ತಿರುವುದು ತೊಂದರೆ. ಕೈಗಾರಿಕೆಗಳ ಕಾಲಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಈ ಅಂಕಿ ನಿಮಗಾಗಿ, ಮಗುವಿಗಲ್ಲ. ಉಸಿರಾಟದ ಮಾತನ್ನಂತೂ ಈ ಪುಟದಲ್ಲಿ ಎತ್ತಬೇಡಿ; ತಾನು ಉಸಿರು ಬಿಟ್ಟರೂ ಭೂಮಿಗೆ ಕೇಡೆಂದು ಹೆದರಿ ಕೂರುವ ಮಕ್ಕಳಿದ್ದಾರೆ.

ಸಸಿ ನೆಡುವ ಪುಟವನ್ನು ಕೈಬಿಡಿ. ಸಸಿ ನೆಡುವುದು ಒಳ್ಳೆಯದೇ, ಆದರೆ ದೊಡ್ಡವರು ಕಟ್ಟಿದ ವಿದ್ಯುತ್ ಸ್ಥಾವರಗಳ, ಓಡಿಸಿದ ವಾಹನಗಳ ಲೆಕ್ಕವನ್ನು ಆರು ವರ್ಷದ ಹುಡುಗಿಯೊಬ್ಬಳು ಒಂದು ಸಸಿಯಿಂದ ತೀರಿಸಿದಳೆನ್ನುವುದು ಸುಳ್ಳು, ಜೊತೆಗೆ ಅನ್ಯಾಯ. ಅವಳು ಅಜ್ಜನ ಪುಸ್ತಕದ ಖಾಲಿ ಹಾಳೆಯಲ್ಲಿ ತನ್ನ ಸೊಟ್ಟ ಅಕ್ಷರದಲ್ಲಿ ಆ ದಿನದ ಮಳೆಯನ್ನು ಬರೆಯಲಿ, ಅಪ್ಪ ಅಮ್ಮ ಅದನ್ನು ಓದಲಿ.

ಪುಟ ಹದಿನಾರಕ್ಕೆ ನಿಲ್ಲಲಿ. ಚಿತ್ರ ಹೇಳಿದ್ದನ್ನು ವಾಕ್ಯ ಮತ್ತೆ ಹೇಳುವ ಕಡೆಯಲ್ಲೆಲ್ಲ ವಾಕ್ಯವನ್ನು ಹೊಡೆದುಹಾಕಿ. ಚಿತ್ರಕಾರರಿಗೆ ಫೋಟೋ ಕಳುಹಿಸಿ ಸುಮ್ಮನಾಗಬೇಡಿ. ಈ ಸಲವೂ ಜನವರಿಯಲ್ಲಿ ಮಳೆ ಬಿದ್ದರೆ ಅಂದೇ ಅವರಿಗೆ ಹೇಳಿಕಳುಹಿಸಿ, ವಾರದೊಳಗೆ ತೋಟಕ್ಕೆ ಕರೆಸಿಕೊಳ್ಳಿ. ಕಾಫಿಯ ಹೂ ಅರಳಿದ ಮೇಲೆ ಎರಡು ಮೂರು ದಿನವಷ್ಟೇ ನಿಲ್ಲುತ್ತದೆ.

ಇಂತು,
ನಿಮ್ಮ ಹಿತೈಷಿ