ಸವಳು ಹೊಲದ ಭತ್ತದ ಬೀಜ: ಈ ಮುಂಗಾರಿನಿಂದ ಮೊದಲು ಮಣ್ಣು ಪರೀಕ್ಷೆ

ಸಂಘದ ಸದಸ್ಯರಿಗೆ, ನಮ್ಮಲ್ಲಿ ಬೀಜ ಒಯ್ಯುವ ಎಲ್ಲ ರೈತರಿಗೆ ನಮಸ್ಕಾರ.

ಈ ಮುಂಗಾರಿನಿಂದ ಸವಳು ಹೊಲಕ್ಕೆ ಬೀಜ ಬೇಕಾದರೆ ಮೊದಲು ಮಣ್ಣು ಪರೀಕ್ಷೆ ಆಗಿರಬೇಕು. ಸವಳು ತಾಳುವ ಹೊಸ 'ಜೀನ್ (ವಂಶವಾಹಿ) ತಿದ್ದಿದ ಭತ್ತ'ಕ್ಕೆ ಮುಂಗಡ ಪಡೆಯುವುದನ್ನೂ ನಿಲ್ಲಿಸಿದ್ದೇವೆ. ಬೀಜ ಅಂಗಡಿಗೆ ಬರುವ ಮೊದಲೇ ಹಣ ಪಡೆದದ್ದು ನಮ್ಮ ತಪ್ಪು. ರಸೀದಿ ತಂದು ಪೂರ್ತಿ ಹಣ ವಾಪಸ್ ಪಡೆಯಿರಿ.

ಆ ಭತ್ತದ ಬಗ್ಗೆ ಎಲ್ಲರೂ ಕೇಳುತ್ತಿದ್ದೀರಿ. ಕೇಳಲೇಬೇಕು. ತುಂಗಭದ್ರಾ ಕಾಲುವೆಯ ಕೆಳಗೆ ಸವಳಾಗಿ ಪಾಳುಬಿದ್ದ ಹೊಲ ನೋಡಿದವರಿಗೆ ಇದು ಸಣ್ಣ ಸುದ್ದಿಯಲ್ಲ.

ಪೂಸಾ ಡಿಎಸ್‌ಟಿ ರೈಸ್ 1 ಎಂಬ ಈ ತಳಿಯನ್ನು ಕೇಂದ್ರ ಸರ್ಕಾರ 2025ರ ಮೇ 4ರಂದು ಪ್ರಕಟಿಸಿತು. ನಾವೆಲ್ಲ ಬಲ್ಲ ಎಂಟಿಯು 1010 ಭತ್ತವನ್ನೇ ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿದ್ದಿದ್ದಾರೆ. ಬೇರೆ ಜೀವಿಯ ಜೀನ್ ತಂದು ಸೇರಿಸಿಲ್ಲ. ಗಿಡದಲ್ಲೇ ಇದ್ದ ಡಿಎಸ್‌ಟಿ ಎಂಬ ಜೀನ್ ಕೆಲಸ ಮಾಡದಂತೆ ಕತ್ತರಿಸಿದ್ದಾರೆ, ಅಷ್ಟೇ. ಆ ಜೀನ್ ಸುಮ್ಮನಾದರೆ ಎಲೆಯ ಮೇಲಿನ ಸಣ್ಣ ರಂಧ್ರಗಳು ಕಡಿಮೆಯಾಗುತ್ತವೆ. ಎಲೆಯಿಂದ ಆವಿಯಾಗಿ ಹೋಗುವ ನೀರು ಉಳಿಯುತ್ತದೆ. ಬೇರು ಕಡಿಮೆ ನೀರು ಎಳೆದರೆ ಅದರ ಜೊತೆ ಮೇಲೇರುವ ಉಪ್ಪೂ ಕಡಿಮೆ. ಎಲೆ ತುದಿ ಸುಡುವುದು ತಗ್ಗುವುದು ಹೀಗೆ.

ಆದರೆ ನಾವು 'ಸವಳು' ಎಂದು ಒಂದೇ ಮಾತಲ್ಲಿ ಹೇಳುವುದು ಎರಡು ಬೇರೆ ರೋಗ. ಬೇಸಿಗೆಯಲ್ಲಿ ಬೆಳ್ಳಗೆ ಉಪ್ಪು ಏಳುವ ಹೊಲ ಒಂದು. ಅಲ್ಲಿ ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ಉಪ್ಪು ತೊಳೆಯಬೇಕು. ಇನ್ನೊಂದು ಕ್ಷಾರದ ಹೊಲ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ 8.5 ದಾಟಿರುತ್ತದೆ, ನೀರು ಇಂಗುವುದಿಲ್ಲ, ಒಣಗಿದರೆ ಕಲ್ಲಿನಂತೆ ಗಟ್ಟಿ. ಅದಕ್ಕೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಬಿಡಿಸಿದ ಮೇಲೆಯೇ ನೀರು ಅದನ್ನು ಕೆಳಗೆ ಒಯ್ಯುತ್ತದೆ.

ಗಿಡವೂ ಈ ಎರಡನ್ನು ಒಂದೇ ರೀತಿ ಎದುರಿಸುವುದಿಲ್ಲ. 2023ರಲ್ಲಿ ಚೀನಾದ ವಿಜ್ಞಾನಿಗಳು ಜೋಳದಲ್ಲಿ, ಹೌದು ನಮ್ಮ ಜೋಳದಲ್ಲೇ, ಎಟಿ1 ಎಂಬ ಜೀನ್ ಗುರುತಿಸಿದರು. ಕ್ಷಾರ ಜಾಸ್ತಿಯಾದಾಗ ಜೀವಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ತುಂಬಿ ಗಿಡ ಸಾಯುತ್ತದೆ. ಎಟಿ1 ಅದನ್ನು ಹೊರಹಾಕಲು ಬಿಡುವುದಿಲ್ಲ. ಆ ಜೀನ್ ತೆಗೆದ ಗಿಡ ಕ್ಷಾರದಲ್ಲೂ ಚೆನ್ನಾಗಿ ಬೆಳೆಯಿತು. ಡಿಎಸ್‌ಟಿ ಸುಮ್ಮನಾದರೆ ಉಳಿಯುವುದು ನೀರು, ಎಟಿ1ರ ದಾರಿಯೇ ಬೇರೆ. ಹೊಲದ ರೋಗ ತಿಳಿಯದೆ ಬೀಜ ಆರಿಸುವುದು ಹೇಗೆ, ಹೇಳಿ.

ಜೀನ್ ತಿದ್ದಿದರೂ ಹೊಲದ ಉಪ್ಪು ಹೊಲದಲ್ಲೇ ಇರುತ್ತದೆ ಅಲ್ವಾ? ಬಸಿಗಾಲುವೆ, ಜಿಪ್ಸಂ ಬಿಡಬೇಡಿ. ಹೊಸ ಭತ್ತದ ಪ್ರಮಾಣಿತ ಬೀಜ ನಮಗೆ ಬಂದ ದಿನ ಫಲಕದಲ್ಲಿ ಬರೆಯುತ್ತೇವೆ, ಆಗ ಹಣ ಕೊಟ್ಟರೆ ಸಾಕು. ಅಲ್ಲಿಯವರೆಗೆ ಪರೀಕ್ಷೆಯ ಫಲಿತಾಂಶ ನೋಡಿ, ಇರುವ ತಳಿಗಳಲ್ಲೇ ನಿಮ್ಮ ಹೊಲಕ್ಕೆ ಹೊಂದುವುದನ್ನು ಕೊಡುತ್ತೇವೆ.

ಪಿಎಚ್ ಮತ್ತು ಇಸಿ (ಮಣ್ಣಿನ ಉಪ್ಪಿನ ಅಳತೆ) ನೋಡುವ ಮೀಟರ್ ಅಂಗಡಿಗೆ ತಂದಿದ್ದೇವೆ. ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಹೊಲದ ಹತ್ತು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತನ್ನಿ. ಬೆಳ್ಳಗಾದ ಜಾಗದ ಮಣ್ಣನ್ನು ಬೇರೆ ಚೀಲದಲ್ಲಿ ಕಟ್ಟಿ, ಸರ್ವೆ ನಂಬರ್ ಬರೆದಿಡಿ.

ಇಂತಿ,
ನಿಮ್ಮ ಬೀಜ ಸಹಕಾರಿ ಸಂಘದ ಆಡಳಿತ ಮಂಡಳಿ