ಬೇಡ ಅಂದವರಿಗೆಲ್ಲ ಥ್ಯಾಂಕ್ಸ್

ಮನೆ ಮುಗಿಯಿತು. ಒಂದು ಬಾಗಿಲ ಚಿಲಕ ಇನ್ನೂ ಸರಿಯಾಗಿ ಕೂರುತ್ತಿಲ್ಲ, ಹಿಂದಿನ ಗೋಡೆಗೆ ಎರಡನೇ ಕೋಟ್ ಬಣ್ಣ ಬಾಕಿ ಇದೆ, ಅಷ್ಟೇ. ನಾವೆಲ್ಲ ಬಂದು ಸೇರಿದ್ದೇವೆ. ನಲ್ಲಿಯಲ್ಲಿ ನೀರು ಬರುತ್ತಿದೆ, ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿದೆ. ಇನ್ನು ತಡಮಾಡದೆ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು.

ಮನೆ ಕಟ್ಟುವವರ ಸುತ್ತ ಹೂಂ ಅನ್ನುವವರಿಗೆ ಕೊರತೆ ಇರುವುದಿಲ್ಲ. "ಮಾಡೋಣ ಬಿಡಿ, ಆಗುತ್ತೆ" ಅನ್ನುವುದು ಬಹಳ ಸುಲಭ. "ಬೇಡ", "ನಿಲ್ಲಿಸಿ", "ಇನ್ನೂ ಸ್ವಲ್ಪ ಕಾಯಿರಿ" ಅಂದವರು ನಮಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು ಜನ. ಮುಖಕ್ಕೆ ಹೊಡೆದ ಹಾಗೆ ಹೇಳಿದರು, ಕೆಲವೊಮ್ಮೆ ನಮ್ಮ ಸಿಟ್ಟನ್ನೂ ತಿಂದರು. ಈ ಬರಹ ಮುಖ್ಯವಾಗಿ ಅವರಿಗೆ.

ಮೊದಲನೆಯವರು ನಮ್ಮ ಆರ್ಕಿಟೆಕ್ಟ್ ಮೇಡಂ. ಪಾಯ ತೋಡಲು ಮನೆಯವರೆಲ್ಲ ತುದಿಗಾಲಲ್ಲಿ ನಿಂತಿದ್ದಾಗ ಅವರು ಪ್ಲಾನ್ ಮೇಲೆ ಪ್ಲಾನ್ ಬರೆಯುತ್ತ ಕೂತರು. ಮಂಚ ಎಲ್ಲಿ, ಬೀರು ಎಲ್ಲಿ, ಬೀರುವಿನ ಬಾಗಿಲು ತೆರೆದರೆ ಮಂಚಕ್ಕೆ ತಾಗುತ್ತದಾ, ಸ್ವಿಚ್ ಬೋರ್ಡ್ ಬಾಗಿಲ ಹಿಂದೆ ಹೋಗುತ್ತದಾ, ಎಲ್ಲವನ್ನೂ ಕಾಗದದ ಮೇಲೆಯೇ ಕೇಳಿದರು. ಖಾಲಿ ಸೈಟಿನಲ್ಲಿ ಹಗ್ಗ ಎಳೆದು, ಪ್ರತಿ ಕೋಣೆಯ ಅಳತೆಗೆ ಗೆರೆ ಹಾಕಿಸಿ, ನಮ್ಮನ್ನೇ ಅದರೊಳಗೆ ಓಡಾಡಿಸಿದರು. ಪ್ಲಾನಿನಲ್ಲಿ ದೊಡ್ಡದಾಗಿ ಕಂಡ ಕೋಣೆ ನೆಲದ ಮೇಲೆ ಎಷ್ಟು ಚಿಕ್ಕದು ಅಂತ ಆಗಲೇ ಗೊತ್ತಾಗಿದ್ದು.

ಮೆಟ್ಟಿಲಿನ ವಿಷಯದಲ್ಲಂತೂ ಮೇಡಂ ಒಂದಿಂಚೂ ಬಿಟ್ಟುಕೊಡಲಿಲ್ಲ. ಜಾಗ ಉಳಿಸಲು ಒಂದು ಮೆಟ್ಟಿಲು ಕಡಿಮೆ ಮಾಡೋಣ ಅಂತ ಮನೆಯಲ್ಲಿ ಮಾತು ಬಂತು. ಅವರು ಬೇಡ ಅಂದರು. ಎತ್ತರ 150 ಮಿಲಿಮೀಟರ್ ಆಸುಪಾಸು, ಪಾದ ಇಡುವ ಅಗಲ 300, ಮೊದಲ ಮೆಟ್ಟಿಲಿನಿಂದ ಕೊನೆಯದರವರೆಗೆ ಎಲ್ಲವೂ ಒಂದೇ ಅಳತೆ. ಹತ್ತುವಾಗ ಕಣ್ಣು ಮೆಟ್ಟಿಲನ್ನು ನೋಡುವುದು ಮೊದಲ ಒಂದೆರಡು ಹೆಜ್ಜೆಗೆ ಮಾತ್ರ, ಆಮೇಲೆ ಕಾಲೇ ಅಂದಾಜು ಹಿಡಿದು ಹೋಗುತ್ತದೆ. ಮಧ್ಯದಲ್ಲಿ ಒಂದು ಮೆಟ್ಟಿಲು ಹೆಚ್ಚುಕಡಿಮೆ ಆದರೆ ಎಡವುವುದು ಅಲ್ಲೇ. ಅಮ್ಮನಿಗೆ ಮಂಡಿ ನೋವು. ಈಗ ಅವರು ದಿನಕ್ಕೆ ಹಲವು ಸಲ ಸುಮ್ನೆ ಮೇಲೆ ಹೋಗಿ ಬರುತ್ತಾರೆ. ಮೇಡಂ, ಇದು ನಿಮ್ಮ ಲೆಕ್ಕಕ್ಕೆ.

ಇನ್ನು ಸ್ಟ್ರಕ್ಚರಲ್ ಇಂಜಿನಿಯರ್ ಸರ್. ಇವರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು.

ತಾರಸಿಗೆ ಕಾಂಕ್ರೀಟ್ ಹಾಕುವ ದಿನ. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಅದನ್ನು ಹೊರುವ ಹಲಗೆ, ಆಸರೆ ಕಂಬ) ಆಗಿದೆ, ಕಂಬಿ ಕಟ್ಟಿಯಾಗಿದೆ, ಜಲ್ಲಿ ಮರಳು ರಾಶಿ ಬಿದ್ದಿದೆ, ಮಿಕ್ಸರ್ ಬಂದು ನಿಂತಿದೆ, ಆಳುಗಳೆಲ್ಲ ಹಾಜರು. ಸರ್ ಬಂದು ಕಂಬಿಯ ಮೇಲೆ ನಡೆದಾಡಿ, ಬಗ್ಗಿ ನೋಡಿ, "ಇವತ್ತು ಹಾಕಬೇಡಿ" ಅಂದುಬಿಟ್ಟರು. ಒಂದು ಮೂಲೆಯಲ್ಲಿ, ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಜಾರಿ, ಕಂಬಿ ನೇರವಾಗಿ ಹಲಗೆಯ ಮೇಲೆ ಕೂತಿತ್ತು. ಬೀಮಿನ ಹತ್ತಿರ ಮೇಲಿನ ಕಂಬಿ ಜನ ಓಡಾಡಿದ್ದಕ್ಕೆ ತುಳಿತಕ್ಕೆ ಸಿಕ್ಕಿ ಕೆಳಗೆ ಬಂದಿತ್ತು. ನೋಡಿದರೆ ಎರಡೂ ಚಿಕ್ಕ ವಿಷಯ.

ಎಲ್ಲರ ಮುಖವೂ ಕೆಟ್ಟಿತು. ಸರ್ ಮಾತ್ರ ಗಲಾಟೆ ಮಾಡಲಿಲ್ಲ, ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ತಾರಸಿಯ ಸ್ಲ್ಯಾಬಿನಲ್ಲಿ ಕಂಬಿಯ ಕೆಳಗೆ ಕಡಿಮೆ ಅಂದರೂ 20 ಮಿಲಿಮೀಟರ್ ಕಾಂಕ್ರೀಟ್ ಇರಬೇಕು. ಕಾಲಂಗೆ, ಅಂದರೆ ಕಾಂಕ್ರೀಟ್ ಕಂಬಕ್ಕೆ, 40, ಪಾಯದ ಫೂಟಿಂಗಿಗೆ 50. ಅಷ್ಟು ಹೊದಿಕೆ ಇಲ್ಲದಿದ್ದರೆ ತೇವ ಬೇಗ ಕಂಬಿಗೆ ಮುಟ್ಟುತ್ತದೆ. ಕಂಬಿ ತುಕ್ಕು ಹಿಡಿದರೆ ಊದುತ್ತದೆ, ಊದಿದಾಗ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಳೆಯ ಕಟ್ಟಡಗಳಲ್ಲಿ ತಾರಸಿಯ ಕೆಳಗಿನ ಚೂರು ಉದುರಿ ಕಂಬಿ ಕಾಣುವುದನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಹಾಗೆ ಆಗುವುದಕ್ಕೆ ಮುಖ್ಯ ಕಾರಣವೇ ಇದು. ಮೇಲಿನ ಕಂಬಿ ಕೆಳಗೆ ಬಂದರೆ ಬೀಮಿನ ಮೇಲೆ ಸ್ಲ್ಯಾಬ್ ಬಿರುಕು ಬಿಡುವ ಕಡೆ ತಡೆಯಲು ಏನೂ ಇರುವುದಿಲ್ಲ. ಕಾಂಕ್ರೀಟ್ ಹಾಕಿದ ಮೇಲೆ ಇದ್ಯಾವುದೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಆ ದಿನ ಬೇಡ ಅನ್ನಲು ಗಟ್ಟಿ ಮನಸ್ಸು ಬೇಕಿತ್ತು.

ಕಂಬಿ ಕೆಲಸದವರು ಒಂದು ಮಾತೂ ಆಡದೆ ಮತ್ತೆ ಕೂತು ಎಲ್ಲ ಸರಿ ಮಾಡಿದರು. ಅವರಿಗೆ ಪ್ರತ್ಯೇಕ ನಮಸ್ಕಾರ. ಬಿಸಿಲಿಗೆ ಕಾದ ಕಂಬಿಯನ್ನು ಮುಟ್ಟಿ ನೋಡಿದವರಿಗೆ ಅದು ಎಂಥ ಕೆಲಸ ಅಂತ ಗೊತ್ತು. ಮರುದಿನ ಕಾಂಕ್ರೀಟ್ ಹಾಕುವಾಗ ನಡುವೆ, ಕಾಂಕ್ರೀಟನ್ನು ಅಲುಗಿಸಿ ಒಳಗಿನ ಗಾಳಿ ಬಿಡಿಸುವ ವೈಬ್ರೇಟರ್ ಕೆಟ್ಟಿತು. ಮೇಸ್ತ್ರಿ ಮೊದಲೇ ಇನ್ನೊಂದನ್ನು ತರಿಸಿ ಇಟ್ಟಿದ್ದರು. ಕೆಲಸ ನಿಲ್ಲಲಿಲ್ಲ.

ನಮ್ಮ ಮೇಸ್ತ್ರಿ ಮಾತು ಕಡಿಮೆ. ಆದರೆ ಮಿಕ್ಸರ್ ಹತ್ತಿರ ಯಾರಾದರೂ ಕಾಂಕ್ರೀಟ್ ಸಲೀಸಾಗಿ ಹರಿಯಲಿ ಅಂತ ನೀರು ಸುರಿಯಲು ಹೋದರೆ ಎಲ್ಲಿದ್ದರೂ ಕೂಗುತ್ತಿದ್ದರು. ನೀರು ಜಾಸ್ತಿಯಾದರೆ ಹಾಕುವುದು ಸುಲಭ, ಶಕ್ತಿ ಕಡಿಮೆ. ಸಿಮೆಂಟಿಗೆ ಬೇಕಾದಷ್ಟು ಕಳೆದು ಉಳಿದ ನೀರು ಆರಿ ಹೋಗಿ, ಒಳಗೆ ಸಣ್ಣ ಸಣ್ಣ ತೂತುಗಳನ್ನು ಬಿಟ್ಟು ಹೋಗುತ್ತದೆ. ಅವರ ತಂಡದಲ್ಲಿ ಬಾಣಲಿ ಹೊತ್ತ ಹೆಂಗಸರಿಗೂ, ಮೇಲೆ ನಿಂತು ಸಮ ಮಾಡಿದವರಿಗೂ ನಮ್ಮ ಮನೆಯವರೆಲ್ಲರ ಕೃತಜ್ಞತೆ. ಈ ಮನೆಯ ಪ್ರತಿ ಗೋಡೆಯನ್ನೂ ಅವರ ಕೈ ನಮಗಿಂತ ಮೊದಲು ಮುಟ್ಟಿದೆ.

ಅಪ್ಪನಿಗೆ ಥ್ಯಾಂಕ್ಸ್ ಹೇಳಿದರೆ ಅವರು ನಗುತ್ತಾರೆ. ಆದರೂ ಹೇಳುತ್ತೇನೆ. ತಾರಸಿ ಹಾಕಿದ ಮಾರನೇ ದಿನ ಅದರ ಮೇಲೆ ಗಾರೆಯ ಸಣ್ಣ ಬದು ಕಟ್ಟಿಸಿ, ನೀರು ನಿಲ್ಲಿಸಿ, ದಿನವೂ ಹೋಗಿ ಅದು ಬತ್ತದಂತೆ ನೋಡಿಕೊಂಡವರು ಅವರು. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಅದು ಗಟ್ಟಿಯಾಗುವುದು ಸಿಮೆಂಟ್ ಮತ್ತು ನೀರು ಸೇರಿ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಬೇಗ ಒಣಗಿದರೆ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಡಿಸೈನಿನಲ್ಲಿ ಲೆಕ್ಕ ಹಿಡಿಯುವುದು ಕಾಂಕ್ರೀಟ್ ಹಾಕಿ 28 ದಿನಕ್ಕೆ ಬರುವ ಶಕ್ತಿಯನ್ನು. ಮೊದಲ ಒಂದೆರಡು ವಾರ ನೀರು ಕೊಟ್ಟಷ್ಟೂ ಒಳ್ಳೆಯದು. ತಾರಸಿಯ ಕೆಳಗಿನ ಆಸರೆ ಕಂಬಗಳನ್ನು ಬೇಗ ತೆಗೆದರೆ ಬೇರೆ ಕಡೆ ಬಳಸಬಹುದಿತ್ತು ಅಂತ ಸೆಂಟ್ರಿಂಗಿನವರು ಕೇಳಲು ಬಂದಾಗ "ಇಂಜಿನಿಯರ್ ಹೇಳಲಿ, ಆಮೇಲೆ ನೋಡೋಣ" ಅಂತ ವಾಪಸ್ ಕಳುಹಿಸಿದ್ದೂ ಅಪ್ಪನೇ.

ಪ್ಲಂಬರ್ ಅಣ್ಣನ ಹಟ ಬೇರೆ ಥರದ್ದು. ಪೈಪ್ ಹಾಕಿ ಮುಗಿದ ಮೇಲೆ ಗೋಡೆ ಮುಚ್ಚಲು ಬಿಡಲಿಲ್ಲ. ಎಲ್ಲ ತುದಿಗೂ ಪ್ಲಗ್ ಹಾಕಿ, ಪಂಪಿನಲ್ಲಿ ಒತ್ತಡ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ಅಂತ ನೋಡಿದ ಮೇಲೆಯೇ ಗಿಲಾವು. ಒಂದು ಎಲ್ಬೋ (ಪೈಪು ತಿರುಗುವ ಕಡೆಯ ಜೋಡಣೆ) ಸೋರುತ್ತಿತ್ತು. ಅಲ್ಲೇ ಬದಲಾಯಿಸಿದರು. ಟೈಲ್ಸ್ ಹಾಕಿದ ಮೇಲೆ ಸಿಕ್ಕಿದ್ದರೆ ಗೋಡೆ ಒಡೆಯಬೇಕಿತ್ತು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೂ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಕೋಣೆಯ ಸೀಲಿಂಗ್ ನೋಡಿ ಬಂದರು. ಎಲೆಕ್ಟ್ರಿಷಿಯನ್ ತಮ್ಮನೂ ಹಾಗೆಯೇ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಅಳೆದು ನೋಡುವವರೆಗೆ ಮೀಟರ್ ಬೋರ್ಡಿಗೆ ಕೈ ಹಾಕಲಿಲ್ಲ.

ಅಕ್ಕ ಲೆಕ್ಕ ನೋಡಿಕೊಂಡಳು. ಒಟ್ಟು ಅಂದಾಜಿನ ಮೇಲೆ ಒಂದಷ್ಟು ಪಾಲು ತೆಗೆದಿಟ್ಟು, ಅದನ್ನು ಯಾರೂ ಮುಟ್ಟಕೂಡದು ಅಂದಳು. ಕಂಬಿ ಬಂದಾಗ ಬಿಲ್ಲನ್ನು ತಾನೇ ಲೆಕ್ಕ ಹಾಕುತ್ತಿದ್ದಳು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಹಿಡಿದು, ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಬರುತ್ತದೆ. 12 ಮಿಲಿಮೀಟರ್ ಕಂಬಿಗೆ 0.89 ಕಿಲೋ. ಲಾರಿಯವರು ಅವಳನ್ನು ನೋಡಿ ತಾವೇ ತೂಕದ ಚೀಟಿ ಮುಂದೆ ಹಿಡಿಯುವಂತಾಯಿತು. ಮಧ್ಯದಲ್ಲಿ ಯಾರಿಗಾದರೂ ಹೊಸ ಆಸೆ ಹುಟ್ಟಿದರೆ, "ಪುಸ್ತಕದಲ್ಲಿ ಬರಿ, ಎಷ್ಟಾಗುತ್ತೆ ಕೇಳು, ನಾಳೆ ಮಾತಾಡೋಣ" ಅನ್ನುತ್ತಿದ್ದಳು. ಮಾರನೇ ದಿನಕ್ಕೆ ಅರ್ಧ ಆಸೆಗಳು ತಾವಾಗಿಯೇ ಸತ್ತಿರುತ್ತಿದ್ದವು. (ನನ್ನ ಗುಂಡನೆಯ ಕಿಟಕಿಯೂ ಸೇರಿ. ಈಗಲೂ ಸ್ವಲ್ಪ ಬೇಜಾರಿದೆ ಅಕ್ಕಾ.)

ಕಿಟಕಿ ಕೊಡಬೇಕಾದವರು ಮುಂಗಡ ತೆಗೆದುಕೊಂಡು ತಿಂಗಳುಗಟ್ಟಲೆ ಕಾಯಿಸಿದ ಕಾಲ ಒಂದಿತ್ತು. ಮಳೆಯೂ ಆಗಲೇ. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ. ಆ ದಿನಗಳಲ್ಲಿ ಕಿಟಕಿಗಳಿಗೆಲ್ಲ ತಾಡಪಾಲು ಕಟ್ಟಿಕೊಟ್ಟು, ಸಿಮೆಂಟ್ ಚೀಲಗಳನ್ನು ತಮ್ಮ ಶೆಡ್ಡಿನಲ್ಲಿ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಟ್ಟುಕೊಂಡ ಪಕ್ಕದ ಮನೆಯವರನ್ನು ಮರೆಯುವುದಿಲ್ಲ. ಧೂಳು, ಸದ್ದು, ದಾರಿಗೆ ಅಡ್ಡ ಬಿದ್ದ ಜಲ್ಲಿ, ಎಲ್ಲವನ್ನೂ ಸಹಿಸಿದರು. ನಿಮ್ಮ ಕಾಂಪೌಂಡಿಗೆ ನಮ್ಮ ಲಾರಿ ತಾಗಿ ಆದ ಗೀರಿಗೆ ಮೇಸ್ತ್ರಿ ಈ ವಾರವೇ ಬಂದು ಗಾರೆ ಬಳಿಯುತ್ತಾರೆ, ಹೇಳಿಯಾಗಿದೆ.

ಕೊನೆಗೆ ನೆಂಟರಲ್ಲಿ, ಗೆಳೆಯರಲ್ಲಿ ಮನೆ ಕಟ್ಟಲು ಹೊರಟವರಿಗೆ ಒಂದು ಮಾತು. ಗಿಲಾವು ಮಾಡುವ ಮೊದಲು ಪ್ರತಿ ಗೋಡೆಗೂ ಟೇಪ್ ಹಿಡಿದು, ಪೈಪು ವೈರು ಎಲ್ಲಿ ಹೋಗಿದೆ ಅಂತ ಕಾಣುವ ಹಾಗೆ ಫೋಟೋ ತೆಗೆಸಿದ್ದು ಪ್ಲಂಬರ್ ಅಣ್ಣ. ಆ ಫೋಟೋಗಳೂ, ಅಕ್ಕನ ಲೆಕ್ಕದ ಪುಸ್ತಕವೂ ನಮ್ಮ ಹತ್ತಿರ ಇವೆ. ನೋಡಬೇಕು ಅನ್ನುವವರು ಮನೆಗೇ ಬನ್ನಿ. ಪುಸ್ತಕವನ್ನು ಮಾತ್ರ ಅಕ್ಕ ಹೊರಗೆ ಕೊಡುವುದಿಲ್ಲ, ಅವಳ ಎದುರೇ ಕೂತು ಬರೆದುಕೊಳ್ಳಬೇಕು.