ನೀಲಿ ಪಂಪ್ ಬೇಗ ಖಾಲಿಯಾಗುತ್ತಿದೆಯೇ?

ಮಾನ್ಯ ಸಂಪಾದಕರೇ,

ದೀಪಾವಳಿ ಹತ್ತಿರ ಬಂತು. ಪಟಾಕಿ ಹೊಗೆ, ಅದರ ಬೆನ್ನಿಗೇ ಚಳಿ. ಉಬ್ಬಸ ಇರುವವರ ಮನೆಗಳಲ್ಲಿ ಇನ್ನು ನಿದ್ದೆ ಕಡಿಮೆ. ನನ್ನ ಮಗಳಿಗೂ ಅಸ್ತಮಾ ಇದೆ, ಅದಕ್ಕೇ ಈ ಪತ್ರ.

'ಇದ್ದಕ್ಕಿದ್ದ ಹಾಗೆ ಜಾಸ್ತಿಯಾಯಿತು' ಅಂತ ಎಲ್ಲರೂ ಹೇಳುತ್ತೇವೆ. ಆದರೆ ಎಷ್ಟೋ ಸಲ ಉಬ್ಬಸ ಮೊದಲೇ ಸುಳಿವು ಕೊಟ್ಟಿರುತ್ತದೆ. ರಾತ್ರಿ ಕೆಮ್ಮಿ ಎಚ್ಚರವಾಗುವುದು, ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವುದು. ಕಳೆದ ಒಂದು ವರ್ಷದಲ್ಲಿ ಜೋರಾಗಿ ಕೆರಳಿದ್ದರೆ ಮತ್ತೆ ಕೆರಳುವ ಅಪಾಯ ಹೆಚ್ಚು.

ಇನ್ನೊಂದು ಸುಳಿವು ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ. ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳುವ ನೀಲಿ ಬಣ್ಣದ ಸಾಲ್ಬುಟಮಾಲ್ ಪಂಪ್‌ನಲ್ಲಿ ಸಾಮಾನ್ಯವಾಗಿ 200 ಡೋಸ್ ಇರುತ್ತದೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಖಾಲಿಯಾಗುತ್ತಿದ್ದರೆ ಉಬ್ಬಸ ಕೆರಳುವ ಅಪಾಯ ಏರುತ್ತದೆ, ಹನ್ನೆರಡು ಅಥವಾ ಹೆಚ್ಚಾದರೆ ಜೀವಕ್ಕೇ ಅಪಾಯ ಎನ್ನುತ್ತದೆ ಅಸ್ತಮಾ ಕುರಿತ ಜಾಗತಿಕ ಸಂಸ್ಥೆ 'ಜೀನಾ'. ನಮ್ಮಲ್ಲಿ 'ಅದೇ ನೀಲಿದು ಒಂದು ಕೊಡಿ' ಅಂದರೆ ಸಾಕು, ಕೈಗೆ ಬರುತ್ತದೆ. ಹೋದ ಸಲ ಯಾವಾಗ ಒಯ್ದಿರಿ ಅಂತ ಅಂಗಡಿಯವರು ಒಂದು ಮಾತು ಕೇಳಬಾರದೇ? ಆ ಪಂಪ್ ಉಸಿರ ದಾರಿಯನ್ನು ಕೆಲವು ಗಂಟೆ ಬಿಡಿಸುತ್ತದೆ ಅಷ್ಟೇ, ಒಳಗಿನ ಊತ ಹಾಗೇ ಇರುತ್ತದೆ. ಊತ ಇಳಿಸುವುದು ಡಾಕ್ಟರ್ ಬರೆದುಕೊಡುವ ಸ್ಟೀರಾಯ್ಡ್ ಇನ್‌ಹೇಲರ್. ಆ ಹೆಸರಿಗೇ ಹೆದರಿ, ಸ್ವಲ್ಪ ಹುಷಾರಾದ ಕೂಡಲೇ ಅದನ್ನು ಬಿಟ್ಟುಬಿಡುವವರು ಬಹಳ. ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೇ.

ಉಸಿರನ್ನು ಎಷ್ಟು ಜೋರಾಗಿ ಹೊರಗೆ ಊದಬಲ್ಲೆವು ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ಮನೆಯಲ್ಲಿದ್ದರೆ ಇನ್ನೂ ಅನುಕೂಲ. ಅಂಗೈ ಉದ್ದದ ಪ್ಲಾಸ್ಟಿಕ್ ಕೊಳವೆ, ಕರೆಂಟ್ ಬೇಡ. ನಿಂತುಕೊಂಡು ಪೂರ್ತಿ ಉಸಿರೆಳೆದು ಒಂದೇ ಸಲಕ್ಕೆ ಜೋರಾಗಿ ಊದಿದರೆ ಮುಳ್ಳು ಸರಿದು ನಿಲ್ಲುತ್ತದೆ. ಮೂರು ಸಲ ಊದಿ ದೊಡ್ಡ ಅಂಕಿಯನ್ನು ಬರೆದಿಡಬೇಕು. ಚೆನ್ನಾಗಿದ್ದಾಗ 400 ಬರುತ್ತಿದ್ದರೆ, 320ಕ್ಕಿಂತ ಇಳಿದಾಗ ಎಚ್ಚರ, 200ಕ್ಕಿಂತ ಇಳಿದರೆ ತಡಮಾಡದೆ ಆಸ್ಪತ್ರೆಗೆ. ಉಸಿರಾಟ ಕೆಡುವುದು ಗೊತ್ತಾಗುವ ಮೊದಲೇ ಅಂಕಿ ಇಳಿಯುವುದುಂಟು.

ಬಿಪಿ ನೋಡುವ ಹಾಗೆ, ಉಬ್ಬಸದವರು ಬಂದಾಗಲೆಲ್ಲ ನಮ್ಮ ಕ್ಲಿನಿಕ್‌ಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇದನ್ನು ಊದಿಸಿ ನೋಡಲಿ. ಬಡವರಿಗೆ ಒಂದು ಮೀಟರನ್ನು ಉಚಿತವಾಗಿ ಕೊಡಲಿ ಎಂದು ಆರೋಗ್ಯ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ. ಮನೆಯವರು ಹಬ್ಬಕ್ಕೆ ಮೊದಲೇ ಡಾಕ್ಟರ್ ಬಳಿ ಹೋಗಿ, ಉಸಿರು ಕಟ್ಟಿದರೆ ಯಾವ ಔಷಧ, ಎಷ್ಟು, ಯಾವಾಗ ಆಸ್ಪತ್ರೆಗೆ ಓಡಬೇಕು ಅಂತ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ.

– ಒಬ್ಬ ತಾಯಿ, ಬೆಂಗಳೂರು